ದಾಸರ ಕೈಯ ಚಿಟಿಕೆ

ದಾಸಸಾಹಿತ್ಯದ ವಿಮರ್ಶೆಯು ಭಕ್ತಿಯನ್ನು ವಿವೇಚಿಸಿದಷ್ಟು, ಭಾಷೆಯನ್ನು ವಿವೇಚಿಸಿದಷ್ಟು, ಹಾಡುವವರ ಕೈಯಲ್ಲಿದ್ದ ಚಿಟಿಕೆಯನ್ನು ವಿವೇಚಿಸಿಲ್ಲ. ಪುರಂದರದಾಸರ (೧೪೮೪-೧೫೬೪) ಚಿತ್ರಪಟಗಳಲ್ಲಿ ತಂಬೂರಿಯೊಡನೆ ಕಾಣುವ ಈ ವಾದ್ಯವು ಕೇವಲ ವೇಷಭೂಷಣವೆಂಬಂತೆ ಬದಿಗೆ ಸರಿದಿದೆ.

ಚಿಟಿಕೆಯೆಂದರೆ ಎರಡು ಮರದ ತುಂಡುಗಳು, ಅವುಗಳಿಗೆ ಜೋಡಿಸಿದ ಕಿರುಬಿಲ್ಲೆ ಅಥವಾ ಗೆಜ್ಜೆಗಳು. ಒಂದು ಹೆಬ್ಬೆರಳಿಗೆ, ಇನ್ನೊಂದು ಉಳಿದ ಬೆರಳುಗಳಿಗೆ. ಚರ್ಮದ ಬಿಗಿತವಿಲ್ಲ, ಶ್ರುತಿಗೂಡಿಸುವ ಗೋಜಿಲ್ಲ. ಒಂದೇ ಕೈ ಸಾಕಾದುದರಿಂದ ಮತ್ತೊಂದು ತಂಬೂರಿಗೆ ಒದಗುತ್ತದೆ. ಬೀದಿಯಲ್ಲಿ ನಡೆಯುತ್ತ ಹಾಡುವವರಿಗೆ ಇಷ್ಟೇ ಬೇಕು.

ಆದರೆ ಮುಖ್ಯವಾದುದು ಛಂದಸ್ಸಿನ ಮಾತು. ಓದುವಾಗ ಮಾತ್ರೆ ಕುಂಟುವ ಸಾಲು ಹಾಡುವಾಗ ಕುಂಟದಿರಬಹುದು. ಸ್ವರದ ಎಳೆತವೂ, ಸೊಲ್ಲಿಲ್ಲದ ಎಡೆಯಲ್ಲಿ ಬೀಳುವ ಚಿಟಿಕೆಯ ಪೆಟ್ಟೂ ಆ ಕೊರತೆಯನ್ನು ತುಂಬುತ್ತವೆ. ಅಂತಹ ಎಡೆಯನ್ನು ಲಿಪಿಕಾರನ ಪ್ರಮಾದವೆಂದು ಬಗೆದು ಅಕ್ಷರ ಸೇರಿಸುವ ಸಂಪಾದಕನು, ಪಾಪ, ಪೆಟ್ಟು ಬೀಳಬೇಕಾದ ಜಾಗವನ್ನೇ ಮುಚ್ಚಿಬಿಡುತ್ತಾನೆ.

ಇದನ್ನು ಪರೀಕ್ಷಿಸಲು ಕಳಂಬೋಲಿ, ಡೊಂಬಿವಲಿಗಳ ಕನ್ನಡಿಗರು ದೂರ ಹೋಗಬೇಕಿಲ್ಲ. ಮರಾಠಿ ಕೀರ್ತನಕಾರರ ಚಿಪಳಿಯೂ ಈ ಜಾತಿಯ ವಾದ್ಯವೇ. ವಾರಕರಿಗಳ ಟಾಳ ಬೇರೆ: ಅದು ಲೋಹದ ಜೋಡಿ, ಎರಡೂ ಕೈಗಳನ್ನು ಬೇಡುತ್ತದೆ, ದಿಂಡಿಯ ಸಮೂಹವನ್ನು ಒಂದೇ ಲಯದಲ್ಲಿ ನಡೆಸುತ್ತದೆ. ಹಾಡಿ, ನಿಲ್ಲಿಸಿ, ಅರ್ಥ ಹೇಳಿ, ಮತ್ತೆ ಪಲ್ಲವಿಗೆ ಮರಳುವ ಕೀರ್ತನಕಾರನಿಗೆ ಚಿಪಳಿಯೇ ಅನುಕೂಲ. ಪಂಢರಪುರದ ವಿಠಲನು ಎರಡು ಪರಂಪರೆಗಳಿಗೂ ದೈವವಾಗಿರುವಲ್ಲಿ, ಯಾರಿಂದ ಯಾರು ಪಡೆದರೆಂಬ ವಾದ ನಿಷ್ಫಲ. ಕೀರ್ತನದಲ್ಲಿ ಪೆಟ್ಟು ಎಲ್ಲಿ ಬೀಳುತ್ತದೆಂದು ಗುರುತಿಸಿಕೊಂಡು, ಅದನ್ನು ಅಚ್ಚಾದ ಕನ್ನಡ ಪದದ ಪಕ್ಕದಲ್ಲಿಟ್ಟು ನೋಡುವ ಕೆಲಸ ಬಾಕಿಯಿದೆ.