ಪ್ರಾಂತದ ಹೆಸರು ಮತ್ತು ಪ್ರದೇಶದ ಬದುಕು: ಯೂಲಿಷ್-ಕ್ಲೇವೆ-ಬರ್ಗ್ ಚರಿತ್ರೆಯ ಮರುಪರಿಶೀಲನೆ

ಪ್ರಭುತ್ವ ರಚಿಸಿದ ಆಡಳಿತ ಘಟಕವನ್ನೇ ಸಾಂಸ್ಕೃತಿಕ ಘಟಕವೆಂದು ಭಾವಿಸುವುದು ಪ್ರಾದೇಶಿಕ ಅಧ್ಯಯನಗಳ ಹಳೆಯ ರೂಢಿ. ಈ ರೂಢಿಯನ್ನು ಪರೀಕ್ಷೆಗೆ ಒಡ್ಡಲು ಪ್ರಶ್ಯ ರಾಜ್ಯದ ಯೂಲಿಷ್-ಕ್ಲೇವೆ-ಬರ್ಗ್ ಪ್ರಾಂತ ತಕ್ಕ ನಿದರ್ಶನವಾಗಿದೆ. 1815ರಲ್ಲಿ ರೂಪುಗೊಂಡ ಈ ಪ್ರಾಂತ 1822ರಲ್ಲಿ ನೆರೆಯ ಕೆಳ ರೈನ್ ಪ್ರಾಂತದೊಡನೆ ವಿಲೀನಗೊಂಡು ರೈನ್ ಪ್ರಾಂತವೆನಿಸಿತು. ಆಡಳಿತ ಚರಿತ್ರೆಗೆ ಇದೊಂದು ಪೀಠಿಕೆ ಮಾತ್ರ. ಜಾನಪದ ದೃಷ್ಟಿಗೆ ಹಾಗಲ್ಲ.

ಪ್ರಾಂತದ ಹೆಸರೇ ಒಂದು ವಾದ. ಯೂಲಿಷ್, ಕ್ಲೇವೆ, ಬರ್ಗ್ ಎಂಬ ಮೂರು ಸಂಸ್ಥಾನಗಳು 1521ರಿಂದ 1609ರವರೆಗೆ ಒಂದೇ ಮನೆತನದ ಆಳ್ವಿಕೆಯಲ್ಲಿದ್ದವು. 1614ರ ಒಪ್ಪಂದದಲ್ಲಿ ಕ್ಲೇವೆ ಬ್ರಾಂಡೆನ್‌ಬರ್ಗಿಗೆ ದಕ್ಕಿತು, ಉಳಿದೆರಡು ಕೈತಪ್ಪಿದವು. ನೆಪೋಲಿಯನ್‌ನ ಪತನಾನಂತರ ದೊರೆತ ಹೊಸ ನೆಲಕ್ಕೆ ಪ್ರಶ್ಯ ಈ ಹಳೆಯ ಹೆಸರುಗಳನ್ನು ತೊಡಿಸಿ, ಅದನ್ನು ಪಿತ್ರಾರ್ಜಿತವೆಂಬಂತೆ ಬಿಂಬಿಸಿತು. ಆದರೆ ಪ್ರಾಂತದ ಕೇಂದ್ರವಾದ ಕಲೋನ್ ಈ ಮೂರರಲ್ಲಿ ಯಾವುದಕ್ಕೂ ಸೇರಿರಲಿಲ್ಲ. ಅದು ಸ್ವತಂತ್ರ ಸಾಮ್ರಾಜ್ಯನಗರವಾಗಿತ್ತು. ರೈನ್ ನದಿಯ ಎಡದಂಡೆಯ ಜನರು ಸುಮಾರು ಎರಡು ದಶಕ ಫ್ರೆಂಚ್ ಆಡಳಿತವನ್ನು ಕಂಡಿದ್ದರು. ಅಲ್ಲಿ ಫ್ರೆಂಚ್ ನಾಗರಿಕ ಸಂಹಿತೆ 1900ರವರೆಗೂ ಜಾರಿಯಲ್ಲಿತ್ತು.

ಭಾಷೆಯ ಸಾಕ್ಷ್ಯವೂ ಇದೇ ಬಗೆಯದು. ಡಸೆಲ್‌ಡಾರ್ಫ್ ಬಳಿಯ ಬೆನ್ರಾತ್‌ನಲ್ಲಿ ನದಿಯನ್ನು ದಾಟುವ ಉಪಭಾಷಾ ಗಡಿ ಈ ಪ್ರಾಂತವನ್ನು ಇಬ್ಭಾಗಿಸುತ್ತಿತ್ತು. ಉತ್ತರದ ಕ್ಲೇವೆಯ ಆಡುನುಡಿ ಡಚ್ಚಿಗೆ ಹತ್ತಿರ, ಕಲೋನಿನದು ಬೇರೆ. 1876ರಲ್ಲಿ ಗೇಯಾರ್ಗ್ ವೆಂಕರ್ ಆರಂಭಿಸಿದ ಉಪಭಾಷಾ ಸಮೀಕ್ಷೆ ಇಂಥ ಗಡಿಗಳ ಅಧ್ಯಯನಕ್ಕೆ ಬುನಾದಿ ಹಾಕಿತು.

ಇದೇ ಪ್ರಾಂತದ ಕಾಲದಲ್ಲಿ, 1818ರಲ್ಲಿ, ಸ್ಥಾಪನೆಯಾದ ಬಾನ್ ವಿಶ್ವವಿದ್ಯಾಲಯದ ವಲಯದಿಂದ ಹೆರ್ಮನ್ ಆಬಿನ್, ಥಿಯೊಡೋರ್ ಫ್ರಿಂಗ್ಸ್, ಯೋಸೆಫ್ ಮ್ಯೂಲರ್ ಅವರ ರೈನ್ ಸೀಮೆಯ 'ಸಂಸ್ಕೃತಿ ಪ್ರಾಂತ'ಗಳ ಅಧ್ಯಯನ 1926ರಲ್ಲಿ ಹೊರಬಂದಿತು. ಉಪಭಾಷಾ ಗಡಿಗಳು ಆದಿಮ ಬುಡಕಟ್ಟುಗಳ ಗಡಿಗಳಲ್ಲ, ಮಧ್ಯಯುಗದ ಸಂಸ್ಥಾನಗಳೊಳಗಿನ ಒಡನಾಟದ ಫಲ ಎಂಬ ತಿಳಿವಳಿಕೆಯನ್ನು ಬಲಪಡಿಸಿದ್ದು ಅದರ ನಿಜವಾದ ಕೊಡುಗೆ. ಅದರ ಮಿತಿಯೂ ಅಲ್ಲಿಯೇ ಇದೆ. ಸಂಸ್ಕೃತಿಗೆ 'ಪ್ರಾಂತ'ವೆಂಬ ಆಡಳಿತದ ಪದವನ್ನು ಅಂಟಿಸಿದೊಡನೆ, ಹರಿದಾಡುವ ಬದುಕು ಗಡಿಯುಳ್ಳ ಆಸ್ತಿಯಂತೆ ತೋರತೊಡಗುತ್ತದೆ. ನಾಜಿ ಆಳ್ವಿಕೆಯಲ್ಲಿ ಇಂಥ ಪ್ರಾದೇಶಿಕ ಸಂಶೋಧನೆ ಗಡಿವಿಸ್ತರಣೆಯ ವಾದಗಳಿಗೆ ಒದಗಿಬಂದದ್ದನ್ನು ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು.

ಇದಕ್ಕೆ ಪ್ರತಿಯಾಗಿ ಜನಪದವನ್ನು ಪ್ರಭುತ್ವದ ಸಹಜ ವಿರೋಧಿಯೆಂದು ಕಾಣುವುದೂ ಸರಳೀಕರಣವೇ. ಪ್ರಾಂತ ಅಳಿದ ಮರುವರ್ಷ, 1823ರಲ್ಲಿ, ಕಲೋನಿನ ಕಾರ್ನಿವಲ್ ಹೊಸ ರೂಪ ತಳೆಯಿತು. ಫ್ರೆಂಚರ ಕಾಲದಲ್ಲಿ ಇಲ್ಲವಾದ ನಗರ ಸೈನಿಕರನ್ನು ಅಣಕಿಸುವ ಕೆಂಪು ಸಮವಸ್ತ್ರದ ವೇಷಗಳು ಅದರಲ್ಲಿ ಕಾಣಿಸಿಕೊಂಡವು. ಇದನ್ನು ಪ್ರಶ್ಯದ ಸೈನಿಕ ಶಿಸ್ತಿನ ಅಣಕವೆಂದು ಓದುವುದುಂಟು. ಆದರೆ ಆಚರಣೆಗೆ ಸಮಿತಿ ರಚಿಸಿ ಶಿಸ್ತು ತಂದವರು ನಗರದ ಪ್ರತಿಷ್ಠಿತರೇ. ಅಣಕ ಮತ್ತು ಶಿಸ್ತು ಒಂದೇ ಮೆರವಣಿಗೆಯಲ್ಲಿ ಸಾಗಿದವು.

ರೈನ್ ಪ್ರಾಂತವೂ 1946ರಲ್ಲಿ ಅಳಿಯಿತು. ಬರ್ಗ್ ಸೀಮೆಯ ಹೆಸರು ಇಂದಿಗೂ ಜನಬಳಕೆಯಲ್ಲಿದೆ. ಮೂರನ್ನೂ ಹೊಸೆದು ಮಾಡಿದ ಹೆಸರು ದಾಖಲೆಗಳಲ್ಲಷ್ಟೇ ಉಳಿದಿದೆ. ಪ್ರದೇಶವನ್ನು ಅರಿಯಹೊರಟ ಸಂಶೋಧನೆ ಗಡಿಗಳನ್ನು ಉತ್ತರವೆಂದು ಸ್ವೀಕರಿಸದೆ ಪ್ರಶ್ನೆಯಾಗಿ ಎತ್ತಿಕೊಳ್ಳಬೇಕಾಗಿದೆ.