‘ಸಂಗಾತಿ’ ಅಂದರೆ ಯಾರು? ಎಚ್‌ಐವಿ ಬರಹಗಳ ಒಂದು ಮುಂಬೈ ಓದು

ಎಚ್‌ಐವಿಯೊಂದಿಗೆ ಬದುಕುವವರ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಪುಸ್ತಕ, ಪ್ರಬಂಧಗಳನ್ನು ಓದುವ ಮುಂಬೈ ಕನ್ನಡಿಗನಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಪುಟ ತಿರುವಿದಂತೆಲ್ಲ ಸವದತ್ತಿ, ಬೆಳಗಾವಿ, ಬಾಗಲಕೋಟೆ, ಸಾಂಗ್ಲಿ, ಕಾಮಾಟಿಪುರ ಎಂಬ ಪರಿಚಿತ ಹೆಸರುಗಳು ಎದುರಾಗುತ್ತವೆ. ಅಲ್ಲಿ ಮಾತಾಡುವ ಹೆಂಗಸರ ತಾಯ್ನುಡಿ ಎಷ್ಟೋ ಸಲ ಕನ್ನಡವೇ. ಆದರೆ ಆ ಮಾತು ನಮ್ಮನ್ನು ಮುಟ್ಟುವ ಹೊತ್ತಿಗೆ ಇಂಗ್ಲಿಷ್ ಆಗಿರುತ್ತದೆ. ಆಡಿದವರ ಕೈಗೆ ಮರಳಿ ಬರುವುದಂತೂ ಅಪರೂಪ. ನಮ್ಮ ಓದುಗರಲ್ಲಿ ಆಸ್ಪತ್ರೆ, ಔಷಧ ಕಂಪನಿ, ಸಮಾಜವಿಜ್ಞಾನ ವಿಭಾಗಗಳಲ್ಲಿ ಇರುವವರು ಕಡಿಮೆಯಿಲ್ಲ. ಹಾಗಾಗಿ ಈ ಮಾತನ್ನು ಇಲ್ಲೇ ಆಡಬೇಕೆನಿಸಿತು.

ಮೊದಲಿಗೆ 2008ರಲ್ಲಿ ಬಂದ ‘ಏಡ್ಸ್ ಸೂತ್ರ’ ಸಂಕಲನ. ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯ ಸಹಯೋಗದಲ್ಲಿ ಹದಿನಾರು ಲೇಖಕರು ಬರೆದದ್ದು, ಅಮರ್ತ್ಯ ಸೇನ್ ಮುನ್ನುಡಿಯಿದೆ. ಸಲ್ಮಾನ್ ರಶ್ದಿ ಮುಂಬೈಯ ಹಿಜಡಾಗಳ ಬಗ್ಗೆ ಬರೆದಿದ್ದಾರೆ, ಶೋಭಾ ಡೇ ತಮ್ಮ ಮನೆಯ ಕಾರು ಚಾಲಕನ ಬಗ್ಗೆ. ವಿಲಿಯಂ ಡಾಲ್‌ರಿಂಪಲ್ ಬರೆದದ್ದು ಸವದತ್ತಿಯ ಯಲ್ಲಮ್ಮನ ಹೆಣ್ಣುಮಕ್ಕಳ ಬಗ್ಗೆ. ಆ ಬರಹ ಮರುವರ್ಷ ಅವರ ‘ನೈನ್ ಲೈವ್ಸ್’ ಪುಸ್ತಕಕ್ಕೂ ಹೋಯಿತು.

ಡಾಲ್‌ರಿಂಪಲ್ ಒಳ್ಳೆಯ ಕೇಳುಗ. ದೇವದಾಸಿಯಾದ ಹೆಣ್ಣೊಬ್ಬಳು ತನ್ನ ಕಸುಬು, ತನ್ನ ದೇವಿ, ಎಮ್ಮೆ ಸಾಕಿಕೊಂಡು ನೆಮ್ಮದಿಯಾಗಿರುವ ಕನಸು ಎಲ್ಲವನ್ನೂ ಹೇಳಿಕೊಳ್ಳಲು ಅವರು ಜಾಗ ಬಿಟ್ಟಿದ್ದಾರೆ. ನನ್ನ ತಕರಾರು ಬರಹದ ಕಟ್ಟಡದ ಬಗ್ಗೆ. ಆಕೆಗೂ ಸೋಂಕು ಇದೆ ಎಂಬುದನ್ನು ಓದುಗನಿಗೆ ಕೊನೆಯಲ್ಲಿ ತಿಳಿಸಲಾಗುತ್ತದೆ. ಆ ಒಂದು ಸಂಗತಿಯಿಂದ ಹಿಂದಿನ ಕನಸೆಲ್ಲ ಕುಸಿಯುತ್ತದೆ, ಓದುಗನ ಎದೆ ಧಸಕ್ಕೆನ್ನುತ್ತದೆ. ಸಣ್ಣಕತೆಯಲ್ಲಿ ಇದು ಒಳ್ಳೆಯ ತಿರುವು. ಬದುಕಿರುವ ಹೆಂಗಸಿನ ರಕ್ತಪರೀಕ್ಷೆಯ ಫಲಿತಾಂಶವನ್ನು ತಿರುವಾಗಿ ಬಳಸಬಹುದೇ ಎಂಬುದು ಬೇರೆ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಊರಿನ ನ್ಯಾಯಾಲಯ ಸಾಹಿತಿಗಳಿಗಿಂತ ಮೊದಲೇ ಗಮನ ಕೊಟ್ಟಿತ್ತು. ಎಚ್‌ಐವಿ ಇದೆಯೆಂದು ಕೆಲಸ ಕಳೆದುಕೊಂಡ ದಿನಗೂಲಿ ನೌಕರನೊಬ್ಬನ ಮೊಕದ್ದಮೆಯಲ್ಲಿ, ದುಡಿಯಲು ಶಕ್ತನಾದವನನ್ನು ಸೋಂಕಿನ ಕಾರಣಕ್ಕಷ್ಟೇ ಹೊರಗಿಡುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 1997ರಲ್ಲಿ ತೀರ್ಪು ಕೊಟ್ಟಿತು. ಆ ದಾಖಲೆಯಲ್ಲಿ ಅವನು ‘ಎಂಎಕ್ಸ್’, ಕಂಪನಿ ‘ಝಡ್‌ವೈ’. ಎರಡೆರಡು ಅಕ್ಷರಗಳಲ್ಲಿ ಒಬ್ಬನ ಮಾನ ಉಳಿಯಿತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು, ಇದನ್ನೇ ನಿಯಮವಾಗಿಸಿತು. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆಯೂ ಕೂಡದು, ಸಂಶೋಧನೆಯೂ ಕೂಡದು.

ಸಂಕಲನದ ಇನ್ನೊಂದು ತೊಡಕು ಸಾವಿನ ಮೋಹ. ಮುಂಬೈಯ ಸಿಪ್ಲಾ ಕಂಪನಿ 2001ರಲ್ಲಿ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡಲು ಮುಂದೆ ಬಂದಿತ್ತು. ಆಗ ಪೇಟೆಂಟ್ ಔಷಧಗಳ ಬೆಲೆ ಹತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತ ಎಆರ್‌ಟಿ ಶುರುಮಾಡಿದಾಗ ಮೊದಲ ಕೇಂದ್ರಗಳಲ್ಲಿ ಬೈಕುಲಾದ ಜೆ.ಜೆ. ಆಸ್ಪತ್ರೆಯೂ ಒಂದು. ಅಂದರೆ ಪುಸ್ತಕ ಬರುವ ಹೊತ್ತಿಗೆ, ದಿನವೂ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿ, ಲೋಕಲ್ ಹಿಡಿದು ಕೆಲಸಕ್ಕೆ ಹೋಗಿ ಬರುವ ಬದುಕು ಈ ಊರಿನಲ್ಲಿ ಆರಂಭವಾಗಿತ್ತು. ಆ ಬದುಕಿನಲ್ಲಿ ನಾಟಕೀಯವಾದದ್ದೇನೂ ಇಲ್ಲ. ಬಹುಶಃ ಅದಕ್ಕೇ ಅದು ಬರಹಗಾರರ ಕಣ್ಣಿಗೆ ಕಡಿಮೆ ಬಿತ್ತು.

ಇನ್ನು ಸಂಶೋಧನೆ. ಇದನ್ನು ಹಳಿಯುವುದು ಸುಲಭ, ಹಾಗೆ ಮಾಡುವುದು ಅನ್ಯಾಯ. ಮ್ಯಾನಿಟೋಬಾ ವಿಶ್ವವಿದ್ಯಾಲಯದವರು ಉತ್ತರ ಕರ್ನಾಟಕದಲ್ಲಿ ನಡೆಸಿದ ಅಧ್ಯಯನಗಳು ಬಾಗಲಕೋಟೆ ಜಿಲ್ಲೆಯ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಸೋಂಕಿದೆ, ಅದು ಹಳ್ಳಿಯಿಂದ ಹಳ್ಳಿಗೆ ಬಹಳ ಬೇರೆಯಾಗಿದೆ ಎಂದು ತೋರಿಸಿದವು. ಏಡ್ಸ್ ಪಟ್ಟಣದ ಕಾಯಿಲೆ, ಮುಂಬೈಯಿಂದ ಬರುವ ಬಸ್ಸಿನಲ್ಲಿ ಬರುವ ಕಾಯಿಲೆ ಎಂದು ಕೂತಿದ್ದವರಿಗೆ ಈ ಲೆಕ್ಕ ಬೇಕಿತ್ತು. ಲೆಕ್ಕ ಸರಿಯಿದ್ದರೆ ಮಾತ್ರ ಔಷಧ ಸರಿಯಾದ ಜಾಗ ಸೇರುತ್ತದೆ. ಲೆಕ್ಕ ತಪ್ಪಿದ್ದಕ್ಕೂ ಉದಾಹರಣೆಯಿದೆ: ಐವತ್ತು ಲಕ್ಷಕ್ಕಿಂತ ಹೆಚ್ಚೆಂದು ನಂಬಿದ್ದ ದೇಶದ ಸೋಂಕಿತರ ಅಂದಾಜು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ರಕ್ತಪರೀಕ್ಷೆಗಳ ನಂತರ, 2007ರಲ್ಲಿ ಸುಮಾರು 25 ಲಕ್ಷಕ್ಕೆ ಇಳಿಯಿತು.

ಹಾಗಾದರೆ ತೊಡಕು ಎಲ್ಲಿದೆ? ನನಗದು ಗೊತ್ತಾದದ್ದು ಒಂದು ಪ್ರಶ್ನಾವಳಿಯಿಂದ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ತಮ್ಮ ಕನ್ನಡ ನಮೂನೆಯನ್ನು ಓದಿ ಹೇಳಲು ನನ್ನನ್ನು ಕರೆದುಕೊಂಡು ಹೋಗಿದ್ದರು. ಇಂಗ್ಲಿಷ್ ಮೂಲದಲ್ಲಿ ಗಿರಾಕಿಗೂ ಕಾಯಂ ಜೊತೆಗಾರನಿಗೂ ಬೇರೆ ಬೇರೆ ಪದಗಳಿದ್ದವು. ಕನ್ನಡದಲ್ಲಿ ಎರಡೂ ‘ಸಂಗಾತಿ’ ಆಗಿದ್ದವು. ನಾನು ಓದುತ್ತಿದ್ದಂತೆ ಎದುರಿಗಿದ್ದ ಹಿರಿಯ ಹೆಂಗಸು ಕೈ ಅಡ್ಡ ಹಿಡಿದರು. “ತಮ್ಮಾ, ಸಂಗಾತಿ ಅಂದ್ರ ಯಾರನ್ನ ಕೇಳಾಕತ್ತೀ? ಜೋಡಿ ಇರಾಂವನ್ನೋ, ಬಂದು ಹೋಗಾವ್ರನ್ನೋ?” ಇಬ್ಬರನ್ನೂ ಅಂದೆ. “ಇಬ್ಬರಿಗೂ ಒಂದ ಖಾನೆ ಇಟ್ಟಾರಲ್ಲ!” ಎಂದು ನಕ್ಕರು.

ಅವರ ನಗುವಿನಲ್ಲಿ ವೈದ್ಯಕೀಯ ಸತ್ಯವೇ ಇತ್ತು. ಗಿರಾಕಿಯ ಹತ್ತಿರ ನಿರೋಧ್ ಬಳಸುವ ಹೆಣ್ಣು, ಗಂಡನಂತೆ ಇರುವವನ ಹತ್ತಿರ ನಂಬಿಕೆಯ ಮಾತು ಬರುವುದರಿಂದ ಬಳಸದೇ ಇರಬಹುದು. ಸೋಂಕಿನ ದಾರಿ ಹುಡುಕುವವರಿಗೆ ಮುಖ್ಯವಾದ ವ್ಯತ್ಯಾಸವೇ ಅದು. ಶಿಷ್ಟ ಕನ್ನಡ ಸಂಕೋಚದಿಂದ ಸೆರಗು ಎಳೆದುಕೊಂಡಾಗ ಉತ್ತರವೂ ಮುಚ್ಚಿಹೋಯಿತು. ಆ ನಮೂನೆಯ ಒಪ್ಪಿಗೆ ಪತ್ರವೂ ಇಂಥದೇ ಭಾಷೆಯಲ್ಲಿತ್ತು. ತಿಳಿಯದ ಮಾತಿನ ಕೆಳಗೆ ಒತ್ತಿದ ಹೆಬ್ಬೆಟ್ಟನ್ನು ‘ತಿಳಿದು ಕೊಟ್ಟ ಒಪ್ಪಿಗೆ’ ಎನ್ನುವುದು ಹೇಗೆ?

ಮಾತಿಗೆ ಕಿವಿಗೊಟ್ಟ ಸಂಶೋಧಕರೂ ಇದ್ದಾರೆ. 2004ರಲ್ಲಿ ಜಾನ್ ಓನೀಲ್ ಮತ್ತು ಸಂಗಡಿಗರು ಉತ್ತರ ಕರ್ನಾಟಕದ ಬಗ್ಗೆ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ‘ದಂಧೆ’, ‘ಧರ್ಮ’ ಎಂಬ ಮಾತುಗಳನ್ನು ಹಾಗೇ ಉಳಿಸಿಕೊಂಡರು. ಲೂಸಿಂಡಾ ರ‍್ಯಾಂಬರ್ಗ್ ಅವರ ‘ಗಿವನ್ ಟು ದ ಗಾಡೆಸ್’ (2014) ಇನ್ನೂ ಮುಂದೆ ಹೋಗುತ್ತದೆ. ಮುತ್ತು ಕಟ್ಟಿಸಿಕೊಂಡ ಮಗಳು ಮನೆಗೆ ಗಂಡುಮಗನಂತೆ ನಿಲ್ಲುತ್ತಾಳೆ ಎಂಬ ಮಾತನ್ನು ಅವರು ಮೂಢನಂಬಿಕೆಯೆಂದು ಬದಿಗಿಡದೆ, ಬಂಧುತ್ವದ ಪ್ರಶ್ನೆಯಾಗಿ ಎತ್ತಿಕೊಳ್ಳುತ್ತಾರೆ. ಇಲ್ಲಿ ದೇವದಾಸಿ ಪದ್ಧತಿಯ ಕ್ರೌರ್ಯ ಮರೆಗೆ ಸರಿಯುವ ಅಪಾಯವಿದೆ. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಇದರಲ್ಲಿ ಬರುವ ಹೆಣ್ಣು ಬರೀ ‘ಅಪಾಯದ ಗುಂಪು’ ಅಲ್ಲ. ಅದೇ ವರ್ಷ ಬಂದ ಸ್ವಾತಿ ಶಾ ಅವರ ‘ಸ್ಟ್ರೀಟ್ ಕಾರ್ನರ್ ಸೀಕ್ರೆಟ್ಸ್’ ಮುಂಬೈಯನ್ನು ಕಾಮಾಟಿಪುರದಿಂದ ಆಚೆಗೂ ನೋಡುತ್ತದೆ. ಬೆಳಿಗ್ಗೆ ಉಪನಗರದ ನಾಕಾದಲ್ಲಿ ಕೂಲಿಗಾಗಿ ಕಾಯುವ ಹೆಂಗಸರ ಪಾಡಿನಲ್ಲಿ ನೀರು, ವಸತಿ, ಕೂಲಿ, ಮೈ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಅದು ಕಾಣಿಸುತ್ತದೆ.

ಎಲ್ಲಕ್ಕಿಂತ ಚುರುಕಾದ ವಿಮರ್ಶೆ ಬಂದದ್ದು ಸಾಂಗ್ಲಿಯಿಂದ. 2010ರಲ್ಲಿ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರ ಬಂದಾಗ, ಅಲ್ಲಿನ ‘ವ್ಯಾಂಪ್’ ಸಂಘಟನೆಯ ಹೆಂಗಸರು ತಾವೇ ಕ್ಯಾಮೆರಾ ಮುಂದೆ ಕೂತು, ನಮ್ಮನ್ನು ತಪ್ಪಾಗಿ ತೋರಿಸಿದ್ದೀರಿ ಎಂದು ಉತ್ತರದ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರು. ಅವರಿಗೆ ಉತ್ತರ ಕೊಡಲು ಸಾಧ್ಯವಾದದ್ದು ಆ ಚಿತ್ರ ಅವರ ಕಣ್ಣಿಗೆ ಬಿದ್ದದ್ದರಿಂದ. ಇಂಗ್ಲಿಷ್ ನಿಯತಕಾಲಿಕದಲ್ಲಿ, ಚಂದಾ ಕಟ್ಟಿದವರಿಗಷ್ಟೇ ತೆರೆಯುವ ಪ್ರಬಂಧಕ್ಕೆ ಯಾರು ಉತ್ತರ ಬರೆದಾರು?

ಆದ್ದರಿಂದ ಒಂದು ಸಂಶೋಧನೆ ಚೆನ್ನಾಗಿದೆಯೇ ಎಂದು ಕೇಳುವಾಗ ನಾನೀಗ ಎರಡು ಸಂಗತಿ ನೋಡುತ್ತೇನೆ. ಫಲಿತಾಂಶ ಒಂದು ಪುಟವಾದರೂ ಕನ್ನಡದಲ್ಲಿ, ಮರಾಠಿಯಲ್ಲಿ ಅವರಿಗೆ ತಲುಪಿತೇ? ಪ್ರಶ್ನೆಯ ಪದಗಳನ್ನು ಆರಿಸುವಾಗ ಅವರು ಕೋಣೆಯಲ್ಲಿದ್ದರೇ? ಎರಡನೆಯ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಎರಡೂ ಭಾಷೆ ಬಲ್ಲ ನಮ್ಮಂಥವರು ಈ ಊರಿನಲ್ಲಿ ಬೇಕಾದಷ್ಟಿದ್ದೇವೆ. ಇಂಥ ನಮೂನೆ ನಿಮ್ಮ ಮೇಜಿಗೆ ಬಂದರೆ, ನಿಘಂಟು ತೆಗೆಯುವ ಮೊದಲು ಅದನ್ನು ಒಬ್ಬ ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿ. ಆಕೆ ಎಲ್ಲಿ ತಡೆಯುತ್ತಾರೋ ಅಲ್ಲಿ ತಿದ್ದಿ.