ಕಲ್ಲಿಗೊಂದು ನ್ಯಾಯ, ಕೈಗೊಂದು ನ್ಯಾಯ

ಮೋಂತೆ ಆಲ್ಬಾನ್ ಬೆಟ್ಟದ ಮೇಲೆ ನಮ್ಮ ಗೈಡು ಒಂದು ಕಲ್ಲಿನ ಮುಂದೆ ನಿಂತು, “ಇವನು ಏನು ಮಾಡುತ್ತಿದ್ದಾನೆ, ಹೇಳಿ ನೋಡೋಣ” ಎಂದರು. ಕಲ್ಲಿನ ಮೇಲೆ ಒಬ್ಬ ಬೆತ್ತಲೆ ಗಂಡಸು. ಕೈಕಾಲುಗಳು ಎತ್ತೆತ್ತಲೋ ತಿರುಚಿಕೊಂಡಿವೆ, ಬಾಯಿ ಅರ್ಧ ತೆರೆದಿದೆ. ಕುಣಿಯುತ್ತಿದ್ದಾನೆ ಎಂದೆವು. ಗೈಡು ನಕ್ಕರು. ಇಂಥ ಮುನ್ನೂರಕ್ಕೂ ಹೆಚ್ಚು ಕಲ್ಲುಗಳು ಇಲ್ಲಿ ಸಿಕ್ಕಿವೆಯಂತೆ. ಹಿಂದಿನ ವಿದ್ವಾಂಸರೂ ನಮ್ಮ ಹಾಗೆಯೇ ಅಂದುಕೊಂಡು ಅವುಗಳಿಗೆ ‘ದಾನ್ಸಾಂತೆಸ್’, ಅಂದರೆ ನರ್ತಕರು, ಎಂದು ಹೆಸರಿಟ್ಟರು. “ಈಗ ಕಣ್ಣು ನೋಡಿ” ಎಂದರು. ಕಣ್ಣು ಮುಚ್ಚಿತ್ತು. ಇವರು ನರ್ತಕರಲ್ಲ, ಕೊಲ್ಲಲ್ಪಟ್ಟ ಸೆರೆಯಾಳುಗಳು. ಕೆಲವರ ಮರ್ಮಾಂಗವನ್ನೂ ಕತ್ತರಿಸಿರುವುದು ಕೆತ್ತನೆಯಲ್ಲೇ ಕಾಣುತ್ತದೆ. ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ ಇದು. ಹೆಸರು ಮಾತ್ರ ಹಳೆಯದೇ ಉಳಿದುಕೊಂಡಿದೆ.

ನಮ್ಮ ಎರಡು ದಿನದ ಪ್ರವಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಅದು. ಒಂದು ತಪ್ಪು ತಿಳಿವಳಿಕೆಯನ್ನು ನಮ್ಮ ಬಾಯಿಂದಲೇ ಹೇಳಿಸಿ, ನಮ್ಮ ಕಣ್ಣೆದುರಿಗೇ ಅದನ್ನು ಒಡೆದ ಆ ಗೈಡಿನ ಮೇಲೆ ಗೌರವ ಬಂತು. ಆದರೆ ಅದೇ ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಬೇರೊಬ್ಬರಾಗಿಬಿಟ್ಟರು. ಈ ಬರಹ ಆ ವ್ಯತ್ಯಾಸದ ಬಗ್ಗೆ.

ಮೆಕ್ಸಿಕೋದ ದಕ್ಷಿಣಕ್ಕಿರುವ ವಹಾಕಾಗೆ ಹೋದವರೆಲ್ಲ ಹೆಚ್ಚುಕಡಿಮೆ ಇದೇ ದಾರಿ ಹಿಡಿಯುತ್ತಾರೆ. ಮೊದಲ ದಿನ ಜಪೊಟೆಕ್ ಜನ ಬೆಟ್ಟದ ತಲೆಯನ್ನು ಸಮ ಮಾಡಿ ಕಟ್ಟಿದ ಮೋಂತೆ ಆಲ್ಬಾನ್, ಅಲ್ಲಿಂದ ಮರದ ಬೊಂಬೆಗಳ ಅರ್ರಸೋಲ, ಕಪ್ಪು ಮಡಕೆಯ ಸಾನ್ ಬಾರ್ತೊಲೊ ಕೊಯೊತೆಪೆಕ್. ಎರಡನೆಯ ದಿನ ನೇಕಾರರ ತೆಯೊತಿತ್ಲಾನ್, ಕೊನೆಗೆ ಮಿತ್ಲಾದ ಅರಮನೆಗಳು. ಒಂದು ಹಳೆಯ ಕಲ್ಲು, ಒಂದು ಕೈಕಸುಬು, ಮತ್ತೆ ಕಲ್ಲು. ಹೀಗೆ ಪೋಣಿಸಿದಾಗ ಅದೂ ಒಂದು ಕಥನವೇ. ಅದಕ್ಕೆ ನಿರೂಪಕನಿದ್ದಾನೆ, ಆದಿ ಅಂತ್ಯಗಳಿವೆ, ಹೇಳದೆ ಬಿಟ್ಟ ಮಾತುಗಳಿವೆ. ಕಾದಂಬರಿಯನ್ನು ವಿಮರ್ಶಿಸುವ ನಾವು ಇದನ್ನು ಸುಮ್ಮನೆ ಬಿಡಬೇಕಾಗಿಲ್ಲ.

ಅರ್ರಸೋಲದಲ್ಲಿ ಒಂದು ಮನೆಯ ಅಂಗಳ. ಕೊಪಾಲ್ ಮರದ ಹಸಿ ತುಂಡುಗಳನ್ನು ಮಚ್ಚು, ಚಾಕುಗಳಿಂದ ಕೆತ್ತುತ್ತಿದ್ದರು. ಪಕ್ಕದಲ್ಲಿ ಹೆಂಗಸರು ಕೂದಲೆಳೆಯಂಥ ಗೆರೆಗಳಲ್ಲಿ ಬಣ್ಣ ತುಂಬುತ್ತಿದ್ದರು. ರೆಕ್ಕೆಯ ನರಿ, ಕೊಂಬಿನ ಹಲ್ಲಿ, ನವಿಲಿನ ಬಾಲದ ಚಿರತೆ: ಇವಕ್ಕೆ ಅಲೆಬ್ರಿಹೆ ಎಂದು ಹೆಸರು. ನಮ್ಮ ಗೈಡು ಇವನ್ನು ಪುರಾತನ ಜಪೊಟೆಕ್ ನಂಬಿಕೆಯ ರಕ್ಷಕ ಪ್ರಾಣಿಗಳೆಂದು ಪರಿಚಯಿಸಿದರು. ನಾವು ಹುಟ್ಟಿದ ತಾರೀಖಿಗೆ ಯಾವ ಪ್ರಾಣಿ ಎಂದು ನೋಡಿ ಹೇಳುವ ಪಟ್ಟಿಯೂ ಅಲ್ಲಿತ್ತು.

ನಿಜವಾದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಅಲೆಬ್ರಿಹೆ ಎಂಬ ಪದ ಹುಟ್ಟಿದ್ದು ವಹಾಕಾದಲ್ಲಲ್ಲ, ಮೆಕ್ಸಿಕೋ ನಗರದಲ್ಲಿ. ಕಾಗದ ಮತ್ತು ಅಂಟಿನಿಂದ ಬೊಂಬೆ ಮಾಡುತ್ತಿದ್ದ ಪೆದ್ರೊ ಲಿನಾರೆಸ್ ಎಂಬ ಕುಶಲಕರ್ಮಿ, 1936ರಲ್ಲಿ ಜ್ವರದಿಂದ ಮಲಗಿದ್ದಾಗ ಕಂಡ ಕನಸಿನಲ್ಲಿ ಈ ವಿಚಿತ್ರ ಪ್ರಾಣಿಗಳು ಆ ಹೆಸರನ್ನೇ ಕೂಗುತ್ತಿದ್ದವೆಂದು ಹೇಳಿಕೊಂಡಿದ್ದರು. ಅರ್ರಸೋಲದಲ್ಲಿ ಮರದ ಕೆತ್ತನೆಯನ್ನು ಮಾರಾಟದ ಕಲೆಯಾಗಿ ಬೆಳೆಸಿದವರು ಮಾನುವೆಲ್ ಹಿಮೆನೆಸ್. ಇಡೀ ಊರು ಈ ಕೆಲಸಕ್ಕೆ ಇಳಿದದ್ದು 1980ರ ದಶಕದಲ್ಲಿ, ಹೊರದೇಶದ ಕೊಳ್ಳುವವರು ಹುಡುಕಿಕೊಂಡು ಬರತೊಡಗಿದಾಗ. ಮಾನವಶಾಸ್ತ್ರಜ್ಞ ಮೈಕೆಲ್ ಚಿಬ್ನಿಕ್ 2003ರಲ್ಲಿ ಈ ಕೆತ್ತನೆಯ ಮೇಲೇ ಒಂದು ಪುಸ್ತಕ ಬರೆದಿದ್ದಾರೆ. ಅಂದರೆ ಇದೇನೂ ಗುಟ್ಟಲ್ಲ. ಹೊಲದಲ್ಲಿ ಹೊಟ್ಟೆ ತುಂಬದ ಒಂದು ಊರು, ಒಂದೇ ತಲೆಮಾರಿನಲ್ಲಿ ಒಂದು ಕಲೆಯನ್ನು ಕಲಿತು ಜಗತ್ತಿಗೆ ಮಾರಿತು. ಇದು ಹೆಮ್ಮೆಯ ಸಂಗತಿ ಅಲ್ಲವೆ? ಮುಚ್ಚಿಡುವುದು ಯಾಕೆ?

ಕೊಯೊತೆಪೆಕ್‌ನಲ್ಲೂ ಹಾಗೆಯೇ ಆಯಿತು. ಅಲ್ಲಿನ ಕುಂಬಾರರಿಗೆ ನಮ್ಮಂಥ ತಿಗರಿ ಇಲ್ಲ. ಒಂದು ತಟ್ಟೆಯನ್ನು ಕವುಚಿಟ್ಟು, ಅದರ ಮೇಲೆ ಇನ್ನೊಂದು ತಟ್ಟೆಯಿಟ್ಟು, ಕೈಯಿಂದ ತಿರುಗಿಸುತ್ತ ಮಡಕೆ ಎತ್ತುತ್ತಾರೆ. ಈ ವಿಧಾನ ನಿಜಕ್ಕೂ ಹಳೆಯದು. ಆದರೆ ಕನ್ನಡಿಯಂತೆ ಹೊಳೆಯುವ ಕಪ್ಪು ಹಳೆಯದಲ್ಲ. ಮೊದಲು ಇಲ್ಲಿನ ಮಡಕೆಗಳು ಮಂಕು ಬೂದಿ ಬಣ್ಣದವು. ಮೆಸ್ಕಾಲ್ ಎಂಬ ಮದ್ಯ ತುಂಬಿಡಲು, ನೀರು ಹೊರಲು ಬಳಕೆಯಾಗುತ್ತಿದ್ದವು. 1950ರ ದಶಕದಲ್ಲಿ ದೋನ್ಯಾ ರೋಸಾ ಎಂದೇ ಹೆಸರಾದ ರೋಸಾ ರೆಯಾಲ್, ಹಸಿ ಪೂರ್ತಿ ಆರುವ ಮೊದಲೇ ಮಡಕೆಯ ಮೈಯನ್ನು ಬೆಣಚುಕಲ್ಲಿನಿಂದ ಉಜ್ಜಿ, ಕೊಂಚ ಕಡಿಮೆ ಕಾವಿನಲ್ಲಿ ಸುಟ್ಟರೆ ಈ ಹೊಳಪು ಬರುತ್ತದೆಂದು ಕಂಡುಕೊಂಡರು. ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು: ಹೊಳೆಯುವ ಮಡಕೆಯಲ್ಲಿ ನೀರು ನಿಲ್ಲುವುದಿಲ್ಲ, ಜಿನುಗುತ್ತದೆ. ಅಡುಗೆಮನೆಯ ಪಾತ್ರೆ ಹಜಾರದ ಅಲಂಕಾರವಾಯಿತು, ಊರು ಬದುಕಿತು. ಒಂದು ವಸ್ತು ತನ್ನ ಕೆಲಸವನ್ನು ಬಿಟ್ಟುಕೊಟ್ಟು ಅಂದವನ್ನು ಪಡೆದ ಈ ಕ್ಷಣದ ಬಗ್ಗೆ ಒಂದು ಗಂಟೆ ಮಾತಾಡಬಹುದು. ರೋಸಾ ಅವರ ಭಾವಚಿತ್ರ ಗೋಡೆಯ ಮೇಲಿತ್ತು. ಗೈಡು ಅದರತ್ತ ಕೈ ತೋರಿಸಿ, “ಎರಡು ಸಾವಿರ ವರ್ಷದ ಕಲೆಯನ್ನು ಉಳಿಸಿದ ಅಜ್ಜಿ” ಎಂದರು. ಉಳಿಸಿದವರಂತೆ! ಹೊಸದನ್ನು ಮಾಡಿದವರು ಎನ್ನಲು ಬಾಯಿ ಬರಲಿಲ್ಲ.

ಇಲ್ಲಿಗೆ ನನ್ನ ತಕರಾರು ಸ್ಪಷ್ಟವಾಯಿತು. ಕಲ್ಲಿನ ವಿಷಯದಲ್ಲಿ ಈ ಪ್ರವಾಸ ಬದಲಾವಣೆಯನ್ನು ಒಪ್ಪುತ್ತದೆ. 1932ರಲ್ಲಿ ಪುರಾತತ್ವಜ್ಞ ಆಲ್ಫೊನ್ಸೊ ಕಾಸೊ ಮೋಂತೆ ಆಲ್ಬಾನಿನ ಏಳನೆಯ ಸಮಾಧಿಯನ್ನು ತೆರೆದರು. ಚಿನ್ನ, ಬೆಳ್ಳಿ, ಮುತ್ತು, ಕೆತ್ತಿದ ಮೂಳೆಗಳು ಸಿಕ್ಕಿದವು. ಜಪೊಟೆಕರು ಕಟ್ಟಿದ ಆ ಸಮಾಧಿಯನ್ನು ಶತಮಾನಗಳ ನಂತರ ಮಿಕ್ಸ್‌ಟೆಕ್ ಜನ ತೆರೆದು ತಮ್ಮವರನ್ನು ಇಟ್ಟಿದ್ದರೆಂದು ಗೈಡು ವಿವರವಾಗಿಯೇ ಹೇಳಿದರು. ಸತ್ತವರಿಗೆ ಚರಿತ್ರೆ ಇದೆ. ಬದುಕಿರುವವರಿಗೆ ಮಾತ್ರ ಇಲ್ಲ. ಅವರು ಎರಡು ಸಾವಿರ ವರ್ಷದಿಂದ ಅದೇ ಅಂಗಳದಲ್ಲಿ ಅದೇ ಭಂಗಿಯಲ್ಲಿ ಕೂತಿರಬೇಕು.

ತಪ್ಪನ್ನೆಲ್ಲ ಗೈಡಿನ ತಲೆಗೆ ಕಟ್ಟುವುದು ಸುಲಭ. ಆದರೆ ಈ ಕಥನ ಅವರದಲ್ಲ. ಕ್ರಾಂತಿಯ ಹತ್ತು ವರ್ಷಗಳ ರಕ್ತಪಾತ ಮುಗಿದ ಮೇಲೆ ಮೆಕ್ಸಿಕೋದ ಹೊಸ ಸರಕಾರಕ್ಕೆ ಎಲ್ಲರನ್ನೂ ಒಂದು ಮಾಡುವ ಚಿತ್ರ ಬೇಕಿತ್ತು. 1921ರಲ್ಲಿ ರಾಜಧಾನಿಯಲ್ಲಿ ಜನಪದ ಕಲೆಗಳ ದೊಡ್ಡ ಪ್ರದರ್ಶನ ನಡೆಯಿತು. ಡಾಕ್ಟರ್ ಆತ್ಲ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಚಿತ್ರಕಾರ ಅದಕ್ಕೆ ಗ್ರಂಥವನ್ನೇ ಬರೆದರು. ಅಲ್ಲಿಂದ ಮುಂದೆ ಮಡಕೆ, ಕಂಬಳಿಗಳು ರಾಷ್ಟ್ರದ ಆತ್ಮವಾದವು. ಏಳನೆಯ ಸಮಾಧಿ ತೆರೆದ ಅದೇ ಕಾಸೊ 1939ರಲ್ಲಿ ರಾಷ್ಟ್ರೀಯ ಪುರಾತತ್ವ ಸಂಸ್ಥೆಯ ಮೊದಲ ನಿರ್ದೇಶಕರಾದರು. 1948ರಲ್ಲಿ ಮೂಲನಿವಾಸಿಗಳನ್ನು ರಾಷ್ಟ್ರದ ಮುಖ್ಯವಾಹಿನಿಗೆ ತರಲೆಂದು ಶುರುವಾದ ಸಂಸ್ಥೆಗೂ ಅವರೇ ಮೊದಲ ಮುಖ್ಯಸ್ಥರು. ಅಜ್ಜಂದಿರನ್ನು ಅಗೆದು ತೆಗೆದ ಕೈಯೇ ಮೊಮ್ಮಕ್ಕಳ ಭವಿಷ್ಯವನ್ನೂ ಬರೆಯಿತು. ಕಲ್ಲು ಮತ್ತು ಕಸುಬನ್ನು ಒಂದೇ ವ್ಯಾನಿನಲ್ಲಿ ತೋರಿಸುವ ನಮ್ಮ ಪ್ರವಾಸದ ನಕ್ಷೆ ಆಗಲೇ ಸಿದ್ಧವಾಗಿತ್ತು ಎನಿಸುತ್ತದೆ.

ಎರಡನೆಯ ದಿನ ತೆಯೊತಿತ್ಲಾನ್‌ನಲ್ಲಿ ಒಬ್ಬ ಹೆಣ್ಣುಮಗಳು ಪಾಪಾಸುಕಳ್ಳಿಯ ಎಲೆಯಿಂದ ಬೂದು ಬಣ್ಣದ ಒಂದು ಹುಳುವನ್ನು ಕಿತ್ತು ಅಂಗೈಯಲ್ಲಿ ಅರೆದರು. ಅಂಗೈ ರಕ್ತದಂತೆ ಕೆಂಪಾಯಿತು. ನಿಂಬೆಹುಳಿ ಹಿಂಡಿದರೆ ಕಿತ್ತಳೆ, ಅಡುಗೆ ಸೋಡಾ ಉದುರಿಸಿದರೆ ನೇರಳೆ. ಇದು ಕೊಚಿನೀಲ್. ಒಂದು ಕಿಲೋ ಬಣ್ಣದ ಪುಡಿಗೆ ಲಕ್ಷಕ್ಕೂ ಮೀರಿ ಹುಳು ಬೇಕು. ಸ್ಪೇನಿನ ಆಳ್ವಿಕೆಯಲ್ಲಿ ಬೆಳ್ಳಿಯನ್ನು ಬಿಟ್ಟರೆ ಇಲ್ಲಿಂದ ಹೋಗುತ್ತಿದ್ದ ಅತಿ ಬೆಲೆಬಾಳುವ ಸರಕೇ ಇದು. ನಮ್ಮ ಬೇಲಿಗಳ ಪಾಪಾಸುಕಳ್ಳಿಗೂ ಇದಕ್ಕೂ ನಂಟಿದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಈ ಲಾಭದ ಆಸೆಯಿಂದ ಭಾರತಕ್ಕೆ ಹುಳು ತರಿಸಿದರು. ಬಂದದ್ದು ಬೇರೆ ಜಾತಿಯ ಹುಳು. ಒಳ್ಳೆಯ ಬಣ್ಣ ಕೊಡಲಿಲ್ಲ, ಕಳ್ಳಿಯನ್ನು ತಿಂದುಹಾಕಿತು.

ಇಲ್ಲಿಯೂ ಗೈಡಿನ ಬಾಯಲ್ಲಿ ಅದೇ ಎರಡು ಸಾವಿರ ವರ್ಷ. ಆದರೆ ಕುರಿ, ಉಣ್ಣೆ, ಕಾಲಿನಿಂದ ತುಳಿಯುವ ಮಗ್ಗ ಮೂರೂ ಸ್ಪೇನಿನವರೊಂದಿಗೆ ಬಂದವು. ಅದಕ್ಕೆ ಮೊದಲು ಸೊಂಟಕ್ಕೆ ಕಟ್ಟಿಕೊಂಡು ನೇಯುವ ಮಗ್ಗದಲ್ಲಿ ಹತ್ತಿ ಬಟ್ಟೆ ತಯಾರಾಗುತ್ತಿತ್ತು. ಅಮೆರಿಕದ ವರ್ತಕರು ಕೇಳಿದರೆಂದು ಇಲ್ಲಿಯ ನೇಕಾರರು ನವಾಹೊ ವಿನ್ಯಾಸಗಳನ್ನು ನೇಯ್ದರು, ಪಿಕಾಸೊ ಚಿತ್ರಗಳನ್ನೂ ನೇಯ್ದರು. ಹಿಂದೆ ಆ ಮಗ್ಗದಲ್ಲಿ ಕೂರುತ್ತಿದ್ದವರು ಗಂಡಸರು. ಉಣ್ಣೆ ಹಿಂಜುವುದು, ನೂಲುವುದು ಹೆಂಗಸರ ಪಾಲು. ಹೆಂಗಸರು ಮಗ್ಗಕ್ಕೆ ಬಂದದ್ದು, ತಮ್ಮದೇ ಸಹಕಾರ ಸಂಘ ಕಟ್ಟಿ ವರ್ತಕರನ್ನು ಬದಿಗಿಟ್ಟು ಮಾರತೊಡಗಿದ್ದು ಈಚಿನ ದಶಕಗಳ ಮಾತು. ಲಿನ್ ಸ್ಟೀಫನ್ ಎಂಬ ವಿದ್ವಾಂಸೆ ಈ ಊರಿನ ಹೆಂಗಸರ ಬಗ್ಗೆಯೇ 1991ರಲ್ಲಿ ಪುಸ್ತಕ ಬರೆದರು. ನಮ್ಮ ಮುಂದೆ ಮಗ್ಗದಲ್ಲಿ ಕೂತಿದ್ದ ಆ ಹೆಣ್ಣುಮಗಳು ಒಂದು ದೊಡ್ಡ ಬದಲಾವಣೆಯ ಸಾಕ್ಷಿಯೇ ಆಗಿದ್ದರು. ಅವರನ್ನು ನಮಗೆ ತೋರಿಸಿದ್ದು ಏನೂ ಬದಲಾಗಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ.

ನಾನು ಒಂದು ಪ್ರಶ್ನೆ ಕೇಳಿದೆ: ಇಲ್ಲಿರುವ ಎಲ್ಲ ಕೆಂಪೂ ಈ ಹುಳುವಿನದೇ? ಗೈಡಿನ ಮುಖ ಕೊಂಚ ಬಿಗಿಯಾಯಿತು. ಆಕೆ ಒಳಗಿದ್ದ ಹಿರಿಯರಿಗೆ ಜಪೊಟೆಕ್‌ನಲ್ಲಿ ಏನೋ ಹೇಳಿದರು. ಇಬ್ಬರೂ ನಕ್ಕರು. ಆಮೇಲೆ ಎದ್ದು ಬಂದು ಎರಡು ಜಮಖಾನಗಳನ್ನು ಜೋಡಿಸಿಟ್ಟು, “ಇದು ಹುಳು, ಇದು ಅಂಗಡಿಯ ಬಣ್ಣ. ಅದಕ್ಕೇ ಇದು ಅಗ್ಗ. ಎರಡನ್ನೂ ನಾನೇ ನೇಯ್ದದ್ದು” ಎಂದರು. ಎರಡು ದಿನದಲ್ಲಿ ಕೇಳಿದ ಮಾತುಗಳಲ್ಲಿ ಯಾವ ಅಲಂಕಾರವೂ ಇಲ್ಲದ ಮಾತು ಅದೊಂದೇ. ಅದರಿಂದ ವ್ಯಾಪಾರ ಕೆಡಲಿಲ್ಲ. ನಾನು ಹುಳುವಿನ ಕೆಂಪನ್ನೇ ಕೊಂಡೆ, ಬೆಲೆ ಯಾಕೆ ಹೆಚ್ಚು ಎಂದು ಗೊತ್ತಾಗಿತ್ತಲ್ಲ.

ಪುರಾತನ ಎಂದು ಹೊಗಳಿದರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ಆಗುವುದು ಕರ್ತೃತ್ವಕ್ಕೆ. ಕಲೆ ಎರಡು ಸಾವಿರ ವರ್ಷದ್ದಾದರೆ ಅದು ಯಾರದೂ ಅಲ್ಲ. ಯಾರದೂ ಅಲ್ಲದ್ದಕ್ಕೆ ಚೌಕಾಸಿ ಮಾಡಬಹುದು, ಅದನ್ನು ನಕಲು ಮಾಡಿಸಿ ಬೇರೆ ಕಡೆ ಅಗ್ಗಕ್ಕೆ ಮಾರಬಹುದು. ಚಿತ್ರಕಾರನ ಚಿತ್ರಕ್ಕೆ ಸಹಿ ಕೇಳುವ ನಾವು ಜಮಖಾನಕ್ಕೆ ವಯಸ್ಸು ಕೇಳುತ್ತೇವೆ.

ಪ್ರವಾಸದ ಕೊನೆಯ ತಾಣ ಮಿತ್ಲಾ. ಸಣ್ಣ ಸಣ್ಣ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ ಮಾಡಿದ ಮೆಟ್ಟಿಲು ಮೆಟ್ಟಿಲಾದ ಸುರುಳಿ ವಿನ್ಯಾಸಗಳು ಗೋಡೆಯ ತುಂಬ. ಪಕ್ಕದಲ್ಲೇ ಹಳೆಯ ಅರಮನೆಯ ಜಗತಿಯ ಮೇಲೆ, ಅದರ ಕಲ್ಲುಗಳನ್ನೇ ಬಳಸಿ ಸ್ಪೇನಿನವರು ಕಟ್ಟಿಸಿದ ಇಗರ್ಜಿ. ನನ್ನ ಚೀಲದಲ್ಲಿದ್ದ ಜಮಖಾನದ ಅಂಚಿನಲ್ಲೂ ಅದೇ ಸುರುಳಿ. ಹಾಗಾದರೆ ಹಳೆಯದು ಹೊಸದಕ್ಕೆ ಹರಿದುಬಂದಿದೆ, ಸುಳ್ಳಲ್ಲ. ಆದರೆ ತಾನಾಗಿ ಹರಿಯಲಿಲ್ಲ. ಯಾರೋ ಒಬ್ಬ ನೇಕಾರ ಈ ಗೋಡೆಯನ್ನು ನೋಡಿ, ಎಳೆ ಎಣಿಸಿ, ಕಲ್ಲಿನ ಲೆಕ್ಕವನ್ನು ಉಣ್ಣೆಯ ಲೆಕ್ಕಕ್ಕೆ ತಂದಿರಬೇಕು.

ಈಗ ಅದು ನಮ್ಮ ಹಜಾರದಲ್ಲಿದೆ. ಬಂದವರು “ತುಂಬಾ ಹಳೇದಾ?” ಎನ್ನುತ್ತಾರೆ. ಇಲ್ಲ, ಹೋದ ವರ್ಷ ನೇಯ್ದದ್ದು ಎನ್ನುತ್ತೇನೆ. ಯಾರು ನೇಯ್ದದ್ದು ಎಂದು ಒಮ್ಮೆ ಮಗಳು ಕೇಳಿದಳು. ಉತ್ತರ ಇರಲಿಲ್ಲ. ಗೈಡಿನ ತಪ್ಪುಗಳನ್ನೆಲ್ಲ ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತಿದ್ದ ನಾನು ಆಕೆಯ ಹೆಸರು ಕೇಳುವುದನ್ನೇ ಮರೆತಿದ್ದೆ.